ಗೇಮಿಂಗ್ ಲ್ಯಾಪ್‌ಟಾಪ್‌ಗೆ ಯಾವ ರ‍್ಯಾಮ್? ಕಿಂಗ್‌ಸ್ಟನ್ ಫ್ಯೂರಿ ಇಂಪ್ಯಾಕ್ಟ್ ಹಾಕಿಸಿದ ಮೇಲೆ ನನ್ನ ಅಭಿಪ್ರಾಯ

ಕಿಂಗ್‌ಸ್ಟನ್ ಫ್ಯೂರಿ ಇಂಪ್ಯಾಕ್ಟ್ ಡಿಡಿಆರ್4 (ಡಿಡಿಆರ್4 ಅನ್ನುವುದು ಮೆಮೊರಿಯ ಒಂದು ತಲೆಮಾರು) ಒಳ್ಳೆಯ ರ‍್ಯಾಮ್. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಎರಡು ಸ್ಟಿಕ್‌ಗಳ ಜೋಡಿ ತಗೊಂಡರೆ ಮಾತ್ರ ಅದರ ಪೂರ್ತಿ ಲಾಭ. ಲ್ಯಾಪ್‌ಟಾಪ್ ಜೊತೆ ಬಂದ ಹಳೇ ಸ್ಟಿಕ್ಕಿನ ಪಕ್ಕ ಇನ್ನೊಂದನ್ನು ಸೇರಿಸುವುದಷ್ಟೇ ನಿಮ್ಮ ಯೋಚನೆಯಾದರೆ ಇದಕ್ಕೆ ಅಂತ ಜಾಸ್ತಿ ಕೊಡಬೇಡಿ, ಸಾದಾ 3200 ವೇಗದ ಸ್ಟಿಕ್ ಸಾಕು. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ. ಈ ವಿಷಯದಲ್ಲಿ ಅಂಗಡಿಯವರು ಹೇಳುವುದು ಒಂದು, ಡಬ್ಬಿಯ ಮೇಲೆ ಬರೆದಿರುವುದು ಇನ್ನೊಂದು, ಲ್ಯಾಪ್‌ಟಾಪ್ ಒಳಗೆ ನಿಜವಾಗಿ ನಡೆಯುವುದು ಮತ್ತೊಂದು.

ನನ್ನದು ಇಂಟೆಲ್ ಐ5-11400ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್. ಬಂದಾಗ 8 ಜಿಬಿಯ ಒಂದೇ ಸ್ಟಿಕ್ ಇತ್ತು, ಇನ್ನೊಂದು ಸ್ಲಾಟ್ ಖಾಲಿ. ನಮ್ಮಲ್ಲಿ ಮಧ್ಯಮ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ ತುಂಬಾ ಜನರ ಕಥೆ ಇದೇ ಅಲ್ವಾ? ಹಳೇದನ್ನು ತೆಗೆದು ಫ್ಯೂರಿ ಇಂಪ್ಯಾಕ್ಟ್ 8 ಜಿಬಿಯ ಎರಡು ಸ್ಟಿಕ್ ಇರುವ ಕಿಟ್ ಹಾಕಿಸಿದೆ. 3200 ವೇಗ (ಸೆಕೆಂಡಿಗೆ ಇಷ್ಟು ಮಿಲಿಯನ್ ಸಲ ಡೇಟಾ ಕಳಿಸುತ್ತದೆ), ಸಿಎಲ್20 (ಕೇಳಿದ ಡೇಟಾ ಕೊಡುವ ಮುಂಚೆ ಕಾಯಿಸುವ ಸುತ್ತುಗಳು, ಕಮ್ಮಿ ಇದ್ದಷ್ಟೂ ಒಳ್ಳೆಯದು), 1.2 ವೋಲ್ಟ್. ಅದೇ ಪ್ರೊಸೆಸರ್ ಇರುವ ಬೇರೆ ಕಂಪನಿಯ ಲ್ಯಾಪ್‌ಟಾಪ್ ನನ್ನ ಚಿಕ್ಕಪ್ಪನ ಮಗನ ಹತ್ತಿರ ಇದೆ. ಅವನು ಹಳೇ ಸ್ಟಿಕ್ ಹಾಗೇ ಉಳಿಸಿಕೊಂಡು ಕ್ರೂಶಿಯಲ್ ಅನ್ನುವ ಬ್ರ್ಯಾಂಡ್‌ನ ಸಾದಾ 8 ಜಿಬಿ ಸ್ಟಿಕ್ ಒಂದನ್ನು ಸೇರಿಸಿದ. ಹಾಗಾಗಿ ಎರಡೂ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಸಿಕ್ಕಿತು.

ಮೊದಲು 8 ಜಿಬಿ ಯಾಕೆ ಸಾಲುವುದಿಲ್ಲ ಅನ್ನುವುದು. ಫೋರ್ಜಾ ಹೊರೈಜನ್ 5ಕ್ಕೆ 16 ಜಿಬಿ ಇದ್ದರೆ ಚೆನ್ನ ಅಂತ ಅದರ ತಯಾರಕರೇ ಹೇಳುತ್ತಾರೆ. ಸೈಬರ್‌ಪಂಕ್ 2077 ಆಟಕ್ಕೆ 2023ರ 2.0 ಅಪ್‌ಡೇಟ್ ಬಂದ ಮೇಲೆ ಕನಿಷ್ಠವೇ 12 ಜಿಬಿ ಆಯಿತು. ಇದರ ಜೊತೆ ವಿಂಡೋಸ್, ಡಿಸ್ಕಾರ್ಡ್, ಹಿಂದೆ ತೆರೆದಿಟ್ಟ ಬ್ರೌಸರ್ ಎಲ್ಲಾ ಅದೇ 8 ಜಿಬಿಯಲ್ಲಿ ಪಾಲು ಕೇಳುತ್ತವೆ. ಇನ್ನೊಂದು ವಿಷಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನನ್ನ ಆರ್‌ಟಿಎಕ್ಸ್ 3050ಯಲ್ಲಿ ಇರುವುದು ಗ್ರಾಫಿಕ್ಸ್‌ಗೇ ಮೀಸಲಾದ 4 ಜಿಬಿ ವಿರ‍್ಯಾಮ್ ಮಾತ್ರ. ಆಟದ ಟೆಕ್ಸ್‌ಚರ್‌ಗಳು (ದೃಶ್ಯಕ್ಕೆ ಹೊದಿಸುವ ಚಿತ್ರಗಳು) ಆ 4 ಜಿಬಿಯಲ್ಲಿ ಹಿಡಿಸದೆ ಹೋದರೆ ಉಳಿದದ್ದು ಬಂದು ಕೂರುವುದು ಮಾಮೂಲಿ ರ‍್ಯಾಮ್‌ನಲ್ಲೇ. ಅಲ್ಲೂ ಜಾಗ ಇಲ್ಲ ಅಂದರೆ ಫೈಲ್‌ಗಳನ್ನು ಇಡುವ, ಅದಕ್ಕಿಂತ ತುಂಬಾ ನಿಧಾನದ ಎಸ್‌ಎಸ್‌ಡಿಗೆ ಹೋಗುತ್ತದೆ, ಆಗಲೇ ಆಟ ತಡವರಿಸಲು ಶುರುವಾಗುವುದು. ಇದನ್ನು ನೋಡಿದ ಜನ ಗ್ರಾಫಿಕ್ಸ್ ಕಾರ್ಡ್ ಸರಿ ಇಲ್ಲ ಅಂದುಕೊಳ್ಳುತ್ತಾರೆ.

ಒಂದೇ ಸ್ಟಿಕ್ ಇರುವುದು ಇನ್ನೊಂದು ತೊಂದರೆ. 3200ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಸಾಗಿಸಬಲ್ಲದು. ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ ಆಗಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ, 51.2 ಜಿಬಿ. ಆಟದಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಹಾಗೇ ಎರಡು ಪಟ್ಟು ಆಗುವುದಿಲ್ಲ, ಅದನ್ನು ನಂಬಬೇಡಿ. ಆದರೆ ನಡುನಡುವೆ ಎಫ್‌ಪಿಎಸ್ ದಿಢೀರ್ ಅಂತ ಕುಸಿಯುವುದು ಕಮ್ಮಿಯಾಗುತ್ತದೆ, ಕಣ್ಣಿಗೆ ಹಿತವೆನಿಸುವುದು ಅದೇ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದೆ ರೈಜನ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಈ ವ್ಯತ್ಯಾಸ ಇನ್ನೂ ಜಾಸ್ತಿ, ಯಾಕಂದರೆ ಅದು ತನ್ನ ಕೆಲಸಕ್ಕೂ ಇದೇ ರ‍್ಯಾಮ್ ಬಳಸುತ್ತದೆ.

ಈಗ ಹೊಂದಾಣಿಕೆಗೆ ಬರೋಣ. ದುಡ್ಡು ಕೊಡುವ ಮುಂಚೆ ನಿಮ್ಮ ಲ್ಯಾಪ್‌ಟಾಪ್ ಒಳಗೆ ಏನಿದೆ ಅಂತ ನೋಡಲೇಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿದರೆ ವೇಗ ಎಷ್ಟು, ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಅಂತ ಕಾಣುತ್ತದೆ. ಇದು ಶುರು ಅಷ್ಟೇ. ಸಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರ ಎಸ್‌ಪಿಡಿ ಪುಟದಲ್ಲಿ ಸ್ಟಿಕ್ ಯಾವ ಕಂಪನಿಯದು, ಯಾವ ಮಾಡೆಲ್, ಸಿಂಗಲ್ ರ‍್ಯಾಂಕೋ ಡ್ಯುಯಲ್ ರ‍್ಯಾಂಕೋ (ರ‍್ಯಾಂಕ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು) ಎಲ್ಲಾ ಇರುತ್ತದೆ. ಅದರ ಮೆಮೊರಿ ಪುಟದಲ್ಲಿ 1600 ಮೆಗಾಹರ್ಟ್ಸ್ ಅಂತ ಕಂಡರೆ ಗಾಬರಿ ಬೇಡ. ಡಿಡಿಆರ್ ಅಂದರೆ ಒಂದು ಸುತ್ತಿಗೆ ಎರಡು ಸಲ ಡೇಟಾ ಕಳಿಸುವ ಮೆಮೊರಿ, ಹಾಗಾಗಿ 1600ರ ಎರಡರಷ್ಟು, 3200.

ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ. ಲ್ಯಾಪ್‌ಟಾಪ್‌ನ ಡಿಡಿಆರ್4 ಸ್ಟಿಕ್‌ಗೆ 260 ಪಿನ್, ಡಿಡಿಆರ್5ಗೆ 262, ಕೆಳಗಿನ ಕಚ್ಚು ಇರುವ ಜಾಗವೂ ಬೇರೆ. ಡೆಸ್ಕ್‌ಟಾಪ್‌ನ ಉದ್ದದ ರ‍್ಯಾಮ್ ಬೇರೆ, ಲ್ಯಾಪ್‌ಟಾಪ್‌ನ ಚಿಕ್ಕ ಎಸ್‌ಒ-ಡಿಮ್ ಬೇರೆ. ಆನ್‌ಲೈನ್‌ನಲ್ಲಿ ತಗೊಳ್ಳುವಾಗ ಚಿತ್ರ ನೋಡಿ ನಂಬದೆ ಎಸ್‌ಒ-ಡಿಮ್ ಅಂತ ಬರೆದಿದೆಯೇ ನೋಡಿ. ಕೆಲವು ತೆಳು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಉದಾಹರಣೆಗೆ ಆಸುಸ್ ರೋಗ್ ಜೆಫಿರಸ್ ಜಿ14ರ 2020ರ ಮಾಡೆಲ್‌ನಲ್ಲಿ ಒಂದು ಭಾಗ ಬೆಸೆದದ್ದು, ಒಂದು ಸ್ಲಾಟ್. 2024ರ ಜಿ14ರಲ್ಲಿ ಪೂರ್ತಿ ಬೆಸೆದದ್ದೇ, ಆಮೇಲೆ ಏನೂ ಸೇರಿಸಲು ಆಗುವುದಿಲ್ಲ. ಅಂಥದ್ದನ್ನು ಕೊಳ್ಳುವವರು ಕೊಳ್ಳುವಾಗಲೇ ಸಾಕಷ್ಟು ರ‍್ಯಾಮ್ ಇರುವುದನ್ನು ತಗೋಬೇಕು.

ವೇಗದ ವಿಷಯದಲ್ಲಿ ಮಿತಿ ಹಾಕುವುದು ಪ್ರೊಸೆಸರ್. ಐ5-9300ಎಚ್ ಇರುವವರು 3200 ಸ್ಟಿಕ್ ಹಾಕಿದರೂ ಅದು 2666ರಲ್ಲೇ ಓಡುತ್ತದೆ. ಐ5-10300ಎಚ್‌ನಲ್ಲಿ 2933. ನನ್ನ 11400ಎಚ್, ರೈಜನ್ 5 5600ಎಚ್ ಇಂಥವು 3200ರ ತನಕ ಹೋಗುತ್ತವೆ. ಹಳೇ ಪ್ರೊಸೆಸರ್ ಇದ್ದರೂ 3200 ಸ್ಟಿಕ್ ಹಾಕಿದರೆ ಏನೂ ಕೆಡುವುದಿಲ್ಲ, ತಾನಾಗಿ ಕೆಳಗಿನ ವೇಗಕ್ಕೆ ಇಳಿಯುತ್ತದೆ. ಎರಡು ಬೇರೆ ವೇಗದ ಸ್ಟಿಕ್ ಇದ್ದರೆ ಎರಡೂ ನಿಧಾನದ್ದಕ್ಕೆ ಹೊಂದಿಕೊಳ್ಳುತ್ತವೆ. ಹಾಗಾಗಿ 3200ರ ಪಕ್ಕದಲ್ಲಿ 2666 ತಂದಿಟ್ಟರೆ ಇದ್ದ ಒಳ್ಳೆಯದನ್ನೂ ಕಟ್ಟಿಹಾಕಿದ ಹಾಗೆ.

ಇಲ್ಲೇ ಫ್ಯೂರಿ ಇಂಪ್ಯಾಕ್ಟ್ ನನಗೆ ಇಷ್ಟವಾಗಿದ್ದು. ಮಾರುಕಟ್ಟೆಯಲ್ಲಿ ಕೆಲವು ಸ್ಟಿಕ್‌ಗಳ ಮೇಲೆ ದೊಡ್ಡದಾಗಿ 3200 ಅಂತ ಇರುತ್ತದೆ, ಆದರೆ ಆ ವೇಗ ಇರುವುದು ಎಕ್ಸ್‌ಎಂಪಿ ಅನ್ನುವ ಪ್ರೊಫೈಲ್‌ನಲ್ಲಿ ಮಾತ್ರ. ಅದನ್ನು ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ಆನ್ ಮಾಡಬೇಕು. ಬಹುಪಾಲು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಅಂಥ ಆಯ್ಕೆಯೇ ಇರುವುದಿಲ್ಲ. ಆಗ ಆ ಸ್ಟಿಕ್ ತನ್ನ ಸ್ಟಾಂಡರ್ಡ್ ವೇಗಕ್ಕೆ ಬೀಳುತ್ತದೆ, ಅದು 2666 ಆಗಬಹುದು, 2400 ಆಗಬಹುದು. ಜಾಸ್ತಿ ದುಡ್ಡು ಕೊಟ್ಟು ಕಮ್ಮಿ ವೇಗ ತಂದ ಹಾಗಾಯಿತು. ಫ್ಯೂರಿ ಇಂಪ್ಯಾಕ್ಟ್‌ನಲ್ಲಿ ಹಾಗಿಲ್ಲ. ಅದನ್ನು ಕಿಂಗ್‌ಸ್ಟನ್‌ನವರು ಪ್ಲಗ್ ಎನ್ ಪ್ಲೇ ಅಂತ ಕರೆಯುತ್ತಾರೆ. 3200, ಸಿಎಲ್20, 1.2 ವೋಲ್ಟ್ ಇವೆಲ್ಲಾ ಸ್ಟಿಕ್‌ನ ಮಾಮೂಲಿ ಪಟ್ಟಿಯಲ್ಲೇ ಬರೆದಿರುವುದರಿಂದ ಬಯೋಸ್‌ನಲ್ಲಿ ಏನೂ ಮುಟ್ಟದೆ ನೇರವಾಗಿ ಆ ವೇಗಕ್ಕೆ ಬರುತ್ತದೆ. ನನ್ನ ಲ್ಯಾಪ್‌ಟಾಪ್‌ನ ಬಯೋಸ್‌ನಲ್ಲಿ ಮೆಮೊರಿ ಬಗ್ಗೆ ಒಂದು ಸಾಲಿನ ಆಯ್ಕೆಯೂ ಇಲ್ಲ. ಆದರೂ ಮೊದಲ ಸಲ ಆನ್ ಮಾಡಿದಾಗಲೇ 3200, ಸಿಎಲ್20 ಎರಡೂ ಬಂದವು.

ಆ ಸಿಎಲ್20ರಿಂದ ಎಷ್ಟು ಲಾಭ? ಸಾದಾ 3200 ಸ್ಟಿಕ್‌ಗಳು ಸಿಎಲ್22. ಲೆಕ್ಕ ಹಾಕಿದರೆ 13.75 ನ್ಯಾನೋಸೆಕೆಂಡ್ ಇದ್ದದ್ದು 12.5 ಆಗುತ್ತದೆ. ಕಾಗದದ ಮೇಲೆ ಒಳ್ಳೆಯದೇ, ಆಟದಲ್ಲಿ ಮಾತ್ರ ನನಗೆ ಗೊತ್ತಾಗಲಿಲ್ಲ. ಅದಲ್ಲದೆ ಹಳೇ ಸಿಎಲ್22 ಸ್ಟಿಕ್ ಪಕ್ಕದಲ್ಲಿ ಇದನ್ನು ಹಾಕಿದರೆ ಇದೂ ಸಿಎಲ್22ಕ್ಕೇ ಇಳಿಯುತ್ತದೆ. ಮೊದಲೇ ಹೇಳಿದ ಮಾತು ಇದಕ್ಕೇ: ಒಂದೇ ಒಂದು ಸೇರಿಸುವವರಿಗೆ ಫ್ಯೂರಿ ಬೇಕಿಲ್ಲ.

ಇನ್ನು ಜನ ಬಹಳ ಕಮ್ಮಿ ನೋಡುವ, ಆದರೆ ನನ್ನ ಪ್ರಕಾರ ಸಿಎಲ್‌ಗಿಂತ ಮುಖ್ಯವಾದ ವಿಷಯ. ಸ್ಟಿಕ್‌ನ ಲೇಬಲ್ ಮೇಲೆ 8 ಜಿಬಿ ಆದ ಮೇಲೆ 1ಆರ್‌ಎಕ್ಸ್8 ಅಥವಾ 1ಆರ್‌ಎಕ್ಸ್16 ಅಂತ ಇಂಗ್ಲಿಷ್ ಅಕ್ಷರದಲ್ಲಿ ಸಣ್ಣದಾಗಿ ಇರುತ್ತದೆ. ಮೊದಲನೆಯದು ಎಷ್ಟು ರ‍್ಯಾಂಕ್, ಕೊನೆಯದು ಒಂದೊಂದು ಚಿಪ್ ಎಷ್ಟು ಬಿಟ್ ಅಗಲ ಅನ್ನುವುದು. 1ಆರ್‌ಎಕ್ಸ್8ರಲ್ಲಿ ಎಂಟು ಚಿಪ್, 1ಆರ್‌ಎಕ್ಸ್16ರಲ್ಲಿ ನಾಲ್ಕೇ ಚಿಪ್. ನಾಲ್ಕು ಚಿಪ್‌ನದ್ದು ತಯಾರಿಸಲು ಅಗ್ಗ, ಹಾಗಾಗಿ ಲ್ಯಾಪ್‌ಟಾಪ್ ಜೊತೆ ಬರುವ 8 ಜಿಬಿ ಸ್ಟಿಕ್‌ಗಳಲ್ಲಿ ಇದು ಸಾಮಾನ್ಯ. ತೊಂದರೆ ಏನೆಂದರೆ ಡಿಡಿಆರ್4ರಲ್ಲಿ 8 ಬಿಟ್ ಚಿಪ್ ಒಳಗೆ ನಾಲ್ಕು ಬ್ಯಾಂಕ್ ಗ್ರೂಪ್ (ಡೇಟಾ ಇಡುವ ವಿಭಾಗಗಳ ಗುಂಪು) ಇರುತ್ತವೆ, 16 ಬಿಟ್ ಚಿಪ್‌ನಲ್ಲಿ ಎರಡೇ. ಬ್ಯಾಂಕ್‌ನಲ್ಲಿ ಕೌಂಟರ್ ಕಮ್ಮಿ ಇದ್ದರೆ ಸಾಲು ಬೆಳೆಯುತ್ತದಲ್ಲ, ಅದೇ ಥರ ಇಲ್ಲೂ ಪ್ರೊಸೆಸರ್ ಕಾಯಬೇಕಾಗುತ್ತದೆ. 3200 ಅಂತಲೇ ಬರೆದಿರುತ್ತದೆ, ಸಿಎಲ್ ಕೂಡ ಒಂದೇ, ಆದರೂ ಕೆಲಸದಲ್ಲಿ ಹಿಂದೆ ಬೀಳುತ್ತದೆ.

ನನ್ನ ಹಳೇ ಸ್ಟಿಕ್ 1ಆರ್‌ಎಕ್ಸ್16. ಫ್ಯೂರಿಯ 8 ಜಿಬಿ ಸ್ಟಿಕ್ 1ಆರ್‌ಎಕ್ಸ್8. ನಾನು ಹಳೇದನ್ನು ಪೂರ್ತಿ ತೆಗೆದುಹಾಕಿದ್ದಕ್ಕೆ ಇದೊಂದೇ ಕಾರಣ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮತ್ತು ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್‌ನಲ್ಲಿ ಒಂದೇ ಆಟವನ್ನು ಒಂದೇ ಸೆಟ್ಟಿಂಗ್‌ನಲ್ಲಿ ಓಡಿಸಿ ನೋಡಿದೆವು. ಇಬ್ಬರಿಗೂ ಒಂದು ಸ್ಟಿಕ್‌ನಿಂದ ಎರಡಕ್ಕೆ ಬಂದಾಗ ಆದ ಬದಲಾವಣೆ ಎದ್ದು ಕಾಣುವಂಥದ್ದು. ಗಾಡಿ ಓಡಿಸುವಾಗ ಹೊಸ ಬೀದಿ ಲೋಡ್ ಆಗುವ ಕಡೆ ಮೊದಲು ನಿಂತು ನಿಂತು ಹೋಗುತ್ತಿದ್ದದ್ದು ಈಗ ಸಲೀಸಾಗಿ ಹೋಗುತ್ತದೆ. ಅವನದಕ್ಕಿಂತ ನನ್ನದು ಸ್ವಲ್ಪ ಮುಂದೆ ಇದ್ದದ್ದು ನಿಜ, ಆದರೆ ಎರಡೂ ಬೇರೆ ಬೇರೆ ಲ್ಯಾಪ್‌ಟಾಪ್, ತಂಪು ಮಾಡುವ ವ್ಯವಸ್ಥೆಯೂ ಬೇರೆ. ಅಷ್ಟೂ ರ‍್ಯಾಮ್‌ನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಅವನು ನನ್ನ ಅರ್ಧಕ್ಕಿಂತ ಕಮ್ಮಿ ಖರ್ಚು ಮಾಡಿ ಲಾಭದ ಬಹುಪಾಲನ್ನು ಪಡೆದ. ನಿಮ್ಮ ಹಳೇ ಸ್ಟಿಕ್ 1ಆರ್‌ಎಕ್ಸ್8 ಆಗಿದ್ದರೆ ಕಣ್ಣು ಮುಚ್ಚಿ ಅವನ ದಾರಿ ಹಿಡಿಯಿರಿ. ಒಂದು ಎಚ್ಚರ: ಒಂದೇ ಮಾಡೆಲ್ ನಂಬರ್‌ನಲ್ಲಿ ಕಾಲಕಾಲಕ್ಕೆ ಚಿಪ್ ಬದಲಾಗುವುದು ಉಂಟು, ಯಾವ ಕಂಪನಿಯಾದರೂ ಅಷ್ಟೇ. ಸಾಧ್ಯವಾದರೆ ಕೈಯಲ್ಲಿ ಹಿಡಿದು ಲೇಬಲ್ ಓದಿ ತಗೊಳ್ಳಿ.

8 ಇರುವ ಕಡೆ 16 ಸೇರಿಸಿ 24 ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮಾಡಬಹುದು. ಎರಡೂ ಸ್ಟಿಕ್‌ನ ಮೊದಲ 8 ಜಿಬಿ ಸೇರಿ 16 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತದೆ, ಉಳಿದ 8 ಸಿಂಗಲ್ ಚಾನೆಲ್‌ನಲ್ಲಿ. ವಿಡಿಯೊ ಎಡಿಟಿಂಗ್ ಮಾಡುವವರಿಗೆ, ಎಮ್ಯುಲೇಟರ್ (ಬೇರೆ ಯಂತ್ರದ ಆಟ, ಆ್ಯಪ್ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡವರಿಗೆ ಇದು ಒಳ್ಳೆಯ ಮಧ್ಯದ ದಾರಿ. ಬರೀ ಆಟಕ್ಕಾದರೆ 8 ಮತ್ತು 8 ಸಾಕು.

ಕೊಂಡದ್ದು ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ. ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ನಡೆದೇ ಹೋಗಬಹುದು. ಅಲ್ಲಿ ಮೊದಲು ಹೋದ ಅಂಗಡಿಯ ಅನುಭವ ನನಗೆ ಬೇಸರ ತಂದಿತು. 3200 ಕೇಳಿದರೆ 2666 ಎದುರಿಗಿಟ್ಟು, "ಎಲ್ಲಾ ಒಂದೇ ಸರ್, ಹಾಕಿದ್ರೆ ಓಡತ್ತೆ" ಅಂದರು. ಓಡುತ್ತದೆ, ಅದು ಸುಳ್ಳಲ್ಲ. ಆದರೆ ಗೊತ್ತಿಲ್ಲದೆ ಬಂದ ಹುಡುಗ ಅದನ್ನೇ ಹಾಕಿಸಿಕೊಂಡು ಹೋಗಿ, ಇದ್ದ ವೇಗವನ್ನೂ ಕಳೆದುಕೊಂಡು, ಗೇಮ್ ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಳ್ಳುತ್ತಾನೆ. ಗಿರಾಕಿ ಮಾಡೆಲ್ ನಂಬರ್ ಹೇಳಿ ಕೇಳಿದಾಗ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಎರಡನೇ ಅಂಗಡಿಯವರು ಹಾಗೇ ಮಾಡಿದರು. ನನ್ನ ಹಳೇ ಸ್ಟಿಕ್‌ನ ಫೋಟೊ ನೋಡಿ, ಲೇಬಲ್ ಓದಿ, ಅರ್ಧ ಗಂಟೆ ಕಾಯಿಸಿ ಬೇರೆ ಕಡೆಯಿಂದ ಕಿಟ್ ತರಿಸಿಕೊಟ್ಟರು. ಅಲ್ಲೇ ಹಾಕಿ, ಆನ್ ಮಾಡಿ ತೋರಿಸಿದರು. ಅದಕ್ಕೆ ಬೇರೆ ಚಾರ್ಜ್ ಕೇಳಲಿಲ್ಲ.

ನೀವು ಹೋದರೂ ಮೂರು ಮಾತು ಮೊದಲೇ ಆಡಿಕೊಳ್ಳಿ. ಪ್ಯಾಕ್ ಒಡೆದ ಮೇಲೆ ಲ್ಯಾಪ್‌ಟಾಪ್ ಒಪ್ಪದಿದ್ದರೆ ಬದಲಾಯಿಸಿ ಕೊಡುತ್ತಾರಾ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಯುತ್ತಾರಾ, ಹೇಳಿದ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯಾ. ಬಿಲ್ ಬೇಡ ಅಂದರೆ ಕಮ್ಮಿ ಮಾಡಿಕೊಡ್ತೀವಿ ಅನ್ನುವ ಮಾತಿಗೆ ಒಪ್ಪಬೇಡಿ. ಕಿಂಗ್‌ಸ್ಟನ್, ಕ್ರೂಶಿಯಲ್ ಎರಡಕ್ಕೂ ಲಿಮಿಟೆಡ್ ಲೈಫ್‌ಟೈಮ್ ವಾರಂಟಿ ಇದೆ, ನಾಳೆ ಅದನ್ನು ಕೇಳಲು ಬಿಲ್ ಬೇಕಾಗುತ್ತದೆ. ಲ್ಯಾಪ್‌ಟಾಪ್‌ನ ವಾರಂಟಿ ಇನ್ನೂ ಇದ್ದರೆ, ನಾವೇ ಬಿಚ್ಚಿದರೆ ಪರವಾಗಿಲ್ಲವಾ ಅಂತ ಅವರ ಸರ್ವೀಸ್ ಸೆಂಟರ್‌ಗೆ ಒಂದು ಫೋನ್ ಮಾಡಿ ಕೇಳಿಬಿಡಿ.

ಮನೆಯಲ್ಲೇ ಹಾಕುವವರಿಗೆ: ಕೆಲಸ ಕಷ್ಟದ್ದಲ್ಲ, ಅವಸರ ಮಾತ್ರ ಬೇಡ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ, ಆಗ ವಿಂಡೋಸ್ ಪೂರ್ತಿಯಾಗಿ ಮುಚ್ಚುತ್ತದೆ. ಚಾರ್ಜರ್ ತೆಗೆಯಿರಿ. ಸ್ಕ್ರೂಗಳಲ್ಲಿ ಉದ್ದದ್ದು, ಗಿಡ್ಡದ್ದು ಅಂತ ಇರುತ್ತವೆ, ಯಾವುದು ಎಲ್ಲಿಂದ ಬಂತು ಅನ್ನುವ ಕ್ರಮದಲ್ಲೇ ಜೋಡಿಸಿಡಿ. ಕೆಳಗಿನ ಮುಚ್ಚಳವನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಹಳೇ ಎಟಿಎಂ ಕಾರ್ಡ್ ಸಾಕು. ಒಳಗೆ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ರ‍್ಯಾಮ್ ಮುಟ್ಟಿ. ಸ್ಟಿಕ್ಕನ್ನು ಓರೆಯಾಗಿ, ಹಳದಿ ಪಿನ್‌ಗಳು ಒಳಗೆ ಪೂರ್ತಿ ಹೋಗುವ ತನಕ ತಳ್ಳಿ, ನಂತರ ಕೆಳಗೆ ಒತ್ತಿದರೆ ಎರಡೂ ಪಕ್ಕದ ಕ್ಲಿಪ್ ಟಕ್ ಅಂತ ಕೂರುತ್ತವೆ. ಮೊದಲ ಸಲ ಆನ್ ಮಾಡಿದಾಗ ಸ್ವಲ್ಪ ಹೊತ್ತು ಪರದೆ ಕಪ್ಪಾಗಿದ್ದರೆ ಹೆದರಬೇಡಿ, ಹೊಸ ಮೆಮೊರಿಯನ್ನು ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಡಿಡಿಆರ್5ರಲ್ಲಿ ಇದು ಕೆಲವು ನಿಮಿಷ ಹಿಡಿಯಬಹುದು. ನಡುವೆ ಪವರ್ ಬಟನ್ ಒತ್ತದೆ ಕಾಯಿರಿ.

ವಿಂಡೋಸ್ ಬಂತು, 16 ಜಿಬಿ ತೋರಿಸಿತು ಅಂದಾಕ್ಷಣ ಆಟಕ್ಕೆ ಕೂರಬೇಡಿ. ಸಿಪಿಯು-ಝಡ್‌ನಲ್ಲಿ ಡ್ಯುಯಲ್ ಚಾನೆಲ್ ಆಗಿದೆಯಾ ನೋಡಿ, ಹೊಸ ಆವೃತ್ತಿಯಲ್ಲಿ ಅದು 2 x 64 ಬಿಟ್ ಅಂತ ಬರುತ್ತದೆ. ರಾತ್ರಿ ಮಲಗುವ ಮುಂಚೆ ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ, ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್ ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಆ ಸ್ಟಿಕ್ ವಾಪಸ್ ಹೋಗಬೇಕು. ಕೆಟ್ಟ ರ‍್ಯಾಮ್ ಆಟದ ನಡುವೆ ನೀಲಿ ಪರದೆ ತರುವುದಷ್ಟೇ ಅಲ್ಲ, ನಿಮ್ಮ ಫೈಲ್‌ಗಳನ್ನೂ ಸದ್ದಿಲ್ಲದೆ ಹಾಳು ಮಾಡಬಲ್ಲದು. ನನ್ನ ಕಿಟ್ ಒಂದೂ ತಪ್ಪಿಲ್ಲದೆ ಪಾಸಾಯಿತು, ಇವತ್ತಿನ ತನಕ ಒಂದು ತೊಂದರೆಯೂ ಕೊಟ್ಟಿಲ್ಲ.

ಡಿಡಿಆರ್5 ಲ್ಯಾಪ್‌ಟಾಪ್ ಇರುವವರಿಗೆ ನಿಯಮ ಬಹುಪಾಲು ಇದೇ. 4800, 5600 ಅನ್ನುವುದು ನಿಮ್ಮ ಪ್ರೊಸೆಸರ್ ಎಷ್ಟು ಒಪ್ಪುತ್ತದೆ ಅನ್ನುವುದರ ಮೇಲೆ. ಒಂದು ಮಾತು ಸೇರಿಸಬೇಕು: ಡಿಡಿಆರ್5ರಲ್ಲಿ 8 ಜಿಬಿ ಸ್ಟಿಕ್‌ಗಳು ಹೆಚ್ಚಾಗಿ ನಾಲ್ಕು ಚಿಪ್‌ನವೇ. ಅಲ್ಲಿ 8ರ ಎರಡು ತಗೊಳ್ಳುವುದಕ್ಕಿಂತ, ಕೈಗೆ ಎಟುಕಿದರೆ, 16ರ ಎರಡು ಒಳ್ಳೆಯದು.

ಬೆಲೆ ಎಷ್ಟು ಅಂತ ನಾನು ಬೇಕೆಂದೇ ಬರೆದಿಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಸಾಲದೆ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೂ ಮೆಮೊರಿ ತಯಾರಿಸುವ ಕಂಪನಿಗಳು ಆ ಕಡೆಗೇ ತಿರುಗಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಇಷ್ಟು ವರ್ಷ ವಿದ್ಯಾರ್ಥಿಗಳು ಕಮ್ಮಿ ಖರ್ಚಿನಲ್ಲಿ ನಂಬಿ ಹಾಕಿಸುತ್ತಿದ್ದ ರ‍್ಯಾಮ್ ಅದು, ನನಗೆ ನಿಜವಾಗಿಯೂ ಬೇಸರವಾಯಿತು. ಈಗಾಗಲೇ ಕೊಂಡವರಿಗೆ ವಾರಂಟಿ ಮುಂದುವರಿಯುತ್ತದೆ ಅಂದಿದ್ದಾರೆ, ಬಿಲ್ ಜೋಪಾನ ಮಾಡಿ.

ಹೊಸದರ ಬೆಲೆ ಕೈಗೆಟುಕದಿದ್ದರೆ ಬಳಸಿದ ಡಿಡಿಆರ್4 ಸ್ಟಿಕ್ ಬಗ್ಗೆ ಯೋಚಿಸಿ. ರ‍್ಯಾಮ್‌ನಲ್ಲಿ ಸವೆಯುವ ಭಾಗ ಏನೂ ಇಲ್ಲ, ಹೊಸ ಲ್ಯಾಪ್‌ಟಾಪ್‌ನಿಂದ ತೆಗೆದ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ಸ್ಟಿಕ್‌ಗಳು ಎಸ್‌ಪಿ ರೋಡ್‌ನಲ್ಲೂ ಸಿಗುತ್ತವೆ. ಲೇಬಲ್ ಮೇಲೆ ಇನ್ನೊಂದು ಲೇಬಲ್ ಅಂಟಿಸಿದ್ದರೆ ಬಿಟ್ಟುಬಿಡಿ. 3200, 1ಆರ್‌ಎಕ್ಸ್8 ಇರುವುದನ್ನು ಹುಡುಕಿ, ಅಂಗಡಿಯಲ್ಲೇ ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿಸಿ, ಸಿಪಿಯು-ಝಡ್‌ನಲ್ಲಿ ಬರುವ ಹೆಸರು ಲೇಬಲ್‌ನಲ್ಲಿರುವ ಹೆಸರು ಒಂದೇನಾ ಅಂತ ನೋಡಿ. ಮೆಮ್‌ಟೆಸ್ಟ್ ಮಾಡಿ ತಪ್ಪು ಬಂದರೆ ವಾಪಸ್ ತಗೊಳ್ಳುತ್ತೇವೆ ಅಂತ ಬಿಲ್ ಮೇಲೆ ಬರೆಸಿಕೊಂಡ ಮೇಲೆ ದುಡ್ಡು ಕೊಡಿ.